ಹದ್ದಿನ ಬಂಡೆಯ ಮೇಲೆ 166 ವರ್ಷ

ಹಡಗು ಇನ್ನು ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಾಗಿಬಿಟ್ಟಿತ್ತು. ಈಜಿಪ್ಟಿನಿಂದ ಪಶ್ಚಿಮದ ಕಡೆಗೆ ಹೊರಟಿದ್ದ ಅದನ್ನು ಬಿರುಗಾಳಿ ಹಿಡಿದು ಪೂರ್ವಕ್ಕೆ ಎಳೆದೊಯ್ಯುತ್ತಿತ್ತು. ಪ್ರಯಾಣಿಕರು ಅಳುತ್ತಿದ್ದರು, ದೇವರನ್ನು ಕೂಗುತ್ತಿದ್ದರು. ಒಬ್ಬ ಮಾತ್ರ ಕದಲದೆ ಕೂತಿದ್ದ. ನಿನಗೆ ಭಯವಿಲ್ಲವೇ ಎಂದು ಕೇಳಿದವರಿಗೆ, ನನಗೇನೂ ಆಗದೆಂದು ನನ್ನ ಇಮಾಮರು ಮಾತು ಕೊಟ್ಟಿದ್ದಾರೆ ಎಂದನಂತೆ. ಹಡಗು ಸಿರಿಯಾದ ತೀರದ ಹತ್ತಿರ ಒಡೆಯಿತು. ಅವನು ದಡ ಸೇರಿದ.

ಇದು ಅವನ ಅನುಯಾಯಿಗಳು ತಲೆಮಾರುಗಳ ಕಾಲ ಹೇಳಿಕೊಂಡು ಬಂದ ಕಥೆ. ಅವನ ಹೆಸರು ಹಸನ್ ಸಬ್ಬಾಹ್. ಪರ್ಷಿಯಾದ ಕುಮ್ ಪಟ್ಟಣದಲ್ಲಿ ಹುಟ್ಟಿ, ರಯ್ ಪಟ್ಟಣದಲ್ಲಿ ಬೆಳೆದವನು. ಹದಿಹರೆಯ ದಾಟುವ ಹೊತ್ತಿಗೆ ಷಿಯಾ ಇಸ್ಲಾಮಿನ ಇಸ್ಮಾಯಿಲಿ ಪಂಥಕ್ಕೆ ಸೇರಿದ. ಆ ಪಂಥದ ಇಮಾಮರು ಆಗ ಕೈರೋದಲ್ಲಿ ಫಾತಿಮಿ ಖಲೀಫರಾಗಿ ಆಳುತ್ತಿದ್ದರು. 1078ರಲ್ಲಿ ಹಸನ್ ಅಲ್ಲಿಗೆ ಹೋದ. ಅಲ್ಲಿನ ಸರ್ವಾಧಿಕಾರಿ ವಜೀರ ಬದ್ರ್ ಅಲ್ ಜಮಾಲಿಯ ಕೆಂಗಣ್ಣಿಗೆ ಗುರಿಯಾದ. ಮೂರು ವರ್ಷದ ನಂತರ ಹಡಗು ಹತ್ತಿಸಿ ಗಡೀಪಾರು ಮಾಡಿದರು. ಒಡೆದದ್ದು ಅದೇ ಹಡಗು.

1081ರಲ್ಲಿ ಅವನು ಇಸ್ಫಹಾನಿಗೆ ಮರಳಿದಾಗ ಪರ್ಷಿಯಾ ಪೂರ್ತಿ ಸೆಲ್ಜೂಕ್ ತುರ್ಕರ ಕೈಯಲ್ಲಿತ್ತು. ಸುನ್ನಿ ಸುಲ್ತಾನ ಮಲಿಕ್ ಷಾ ಗದ್ದುಗೆಯ ಮೇಲಿದ್ದ. ರಾಜ್ಯವನ್ನು ನಿಜವಾಗಿ ನಡೆಸುತ್ತಿದ್ದವನು ಮುದಿ ವಜೀರ ನಿಜಾಮುಲ್ ಮುಲ್ಕ್. ಇಸ್ಮಾಯಿಲಿಗಳೆಂದರೆ ಅವನಿಗೆ ಆಗದು. ರಾಜನೀತಿಯ ಕುರಿತು ತಾನೇ ಬರೆದ ಗ್ರಂಥದಲ್ಲಿ ಅವರನ್ನು ರಾಜ್ಯದ ಶತ್ರುಗಳೆಂದು ಝಾಡಿಸಿದ್ದಾನೆ. ಹಸನ್‌ನನ್ನು ಹಿಡಿದು ತರಲು ಅವನಿಂದ ಆಜ್ಞೆಯೂ ಹೊರಟಿತು. ಹಸನ್ ಸಿಕ್ಕಲಿಲ್ಲ. ಒಂಬತ್ತು ವರ್ಷ ಯಜ್ದ್, ಕೆರ್ಮಾನ್, ದಾಮ್‌ಗಾನ್ ಎಂದು ಊರಿಂದೂರಿಗೆ ತಲೆಮರೆಸಿಕೊಂಡು ಸುತ್ತಿದ. ಸುತ್ತುತ್ತಲೇ ಒಂದು ಜಾಗ ಹುಡುಕುತ್ತಿದ್ದ. ಯಾವ ಸುಲ್ತಾನನ ದಂಡೂ ಹತ್ತಲಾಗದ ಜಾಗ.

ಮೇಷ್ಟರ ವೇಷ

ಕ್ಯಾಸ್ಪಿಯನ್ ಸಮುದ್ರದ ದಕ್ಷಿಣಕ್ಕೆ ಎಲ್ಬುರ್ಜ್ ಬೆಟ್ಟಸಾಲು. ಅದರೊಳಗೆ, ಖಜ್ವೀನ್ ಪಟ್ಟಣದ ಈಶಾನ್ಯಕ್ಕೆ ಒಂದು ಇಕ್ಕಟ್ಟಾದ ಕಣಿವೆ. ಕಣಿವೆಯ ತಲೆಯಲ್ಲಿ ಬುಡದಿಂದ ಸುಮಾರು 200 ಮೀಟರ್ ನೆಟ್ಟಗೆ ಎದ್ದ ಬಂಡೆ. ಹಿಂದೊಮ್ಮೆ ಬೇಟೆಗೆ ಬಂದ ದೈಲಮ್ ರಾಜನೊಬ್ಬ ತಾನು ಹಾರಿಬಿಟ್ಟ ಹದ್ದು ಆ ಬಂಡೆಯ ಮೇಲೆ ಕೂತದ್ದನ್ನು ಕಂಡು ಅಲ್ಲಿ ಕೋಟೆ ಕಟ್ಟಿಸಿದನೆಂದು ಜನ ಹೇಳುತ್ತಿದ್ದರು. ಅದೇ ಅಲಾಮೂತ್. ಹತ್ತಲು ಇದ್ದದ್ದು ಒಂದೇ ಕಡಿದಾದ ದಾರಿ.

ಕೋಟೆ ಆಗ ಮಹ್ದಿ ಎಂಬ ಕಿಲ್ಲೇದಾರನ ವಶದಲ್ಲಿತ್ತು. ಸೆಲ್ಜೂಕರ ಪರವಾಗಿ ಅವನು ಅದನ್ನು ನೋಡಿಕೊಳ್ಳುತ್ತಿದ್ದ. ಹಸನ್ ಅವನ ಮೇಲೆ ದಂಡೆತ್ತಿ ಹೋಗಲಿಲ್ಲ. ಹೋಗಲು ಅವನ ಬಳಿ ದಂಡೂ ಇರಲಿಲ್ಲ. ಮೊದಲು ಸುತ್ತಲ ಹಳ್ಳಿಗಳಿಗೆ ಪ್ರಚಾರಕರನ್ನು ಕಳಿಸಿದ. ಹಳ್ಳಿಗರು ಒಲಿದರು. ಆಮೇಲೆ ಅದೇ ಪ್ರಚಾರಕರು ಕೋಟೆಯ ಕಾವಲುಗಾರರನ್ನೇ ಒಬ್ಬೊಬ್ಬರಾಗಿ ಒಲಿಸಿದರು. 1090ರ ಸೆಪ್ಟೆಂಬರ್ 4ರ ರಾತ್ರಿ ಹಸನ್ ಗುಟ್ಟಾಗಿ ಒಳಗೆ ಬಂದ. ತನ್ನ ಹೆಸರು ದಿಹ್‌ಖುದಾ, ಹುಡುಗರಿಗೆ ಓದು ಕಲಿಸುವ ಮೇಷ್ಟರು ಎಂದು ಹೇಳಿಕೊಂಡ.

ಮಹ್ದಿಗೆ ಈ ಮೇಷ್ಟರು ಯಾರೆಂದು ತಿಳಿಯುವಷ್ಟರಲ್ಲಿ ಕಾಲ ಮಿಂಚಿತ್ತು. ಅವನು ಕಾವಲುಗಾರರತ್ತ ತಿರುಗಿ ನೋಡಿದರೆ ಅವರೆಲ್ಲ ಹಸನ್‌ನ ಬೆನ್ನ ಹಿಂದೆ ನಿಂತಿದ್ದರು. ಒಂದು ಹನಿ ರಕ್ತ ಬೀಳಲಿಲ್ಲ. ಹಸನ್ ಅವನಿಗೆ ಒಂದು ಚೀಟಿ ಬರೆದುಕೊಟ್ಟು ಕಳಿಸಿದ: ಕೋಟೆಯ ಬೆಲೆ 3000 ದೀನಾರ್ ಚಿನ್ನ, ದಾಮ್‌ಗಾನ್ ಸೀಮೆಯಲ್ಲಿರುವ ಮುಜಫ್ಫರ್ ಎಂಬ ಅಧಿಕಾರಿ ಕೊಡುತ್ತಾನೆ. ಮುಜಫ್ಫರ್ ಸೆಲ್ಜೂಕರ ನೌಕರ. ಈ ಭಿಕಾರಿ ಬರೆದ ಚೀಟಿಗೆ ಅವನೇಕೆ ದುಡ್ಡು ಕೊಟ್ಟಾನು ಎಂದು ಮಹ್ದಿ ಅದನ್ನು ಮೂಲೆಗಿಟ್ಟ. ಮುಂದೊಮ್ಮೆ ಕೈ ಬರಿದಾದಾಗ ನೋಡೋಣವೆಂದು ಒಯ್ದು ತೋರಿಸಿದ. ಮುಜಫ್ಫರ್ ಚೀಟಿಗೆ ಮುತ್ತಿಟ್ಟು ಪೂರ್ತಿ ಹಣ ಎಣಿಸಿಕೊಟ್ಟ. ಅವನೂ ಒಳಗೊಳಗೇ ಹಸನ್‌ನ ಶಿಷ್ಯನಾಗಿದ್ದ.

ಹಸನ್ ಆ ಬಂಡೆಯಿಂದ ಮತ್ತೆ ಕೆಳಗಿಳಿಯಲಿಲ್ಲ. ಮುಂದಿನ 34 ವರ್ಷ, ಸಾಯುವ ತನಕ, ಅವನು ಅಲ್ಲೇ ಇದ್ದ. ಆ ಅವಧಿಯಲ್ಲಿ ಮನೆಯಿಂದ ಹೊರಗೆ ಬಂದದ್ದು ಎರಡೇ ಸಲ, ಮಾಳಿಗೆ ಹತ್ತಿದ್ದು ಎರಡೇ ಸಲ ಎಂದು ಚರಿತ್ರೆಕಾರರು ಬರೆದಿದ್ದಾರೆ. ಓದುವುದು, ಬರೆಯುವುದು, ಉಪವಾಸ, ಆಜ್ಞೆ. ಆದರೆ ಕೋಟೆಯೊಳಗೆ ಕೆಲಸ ಒಂದು ದಿನವೂ ನಿಲ್ಲಲಿಲ್ಲ. ಬಂಡೆ ಕೊರೆದು ನೀರಿನ ತೊಟ್ಟಿಗಳನ್ನು ಮಾಡಿದರು. ಕಾಲುವೆ ತೋಡಿ ಕೋಟೆಯ ಬುಡಕ್ಕೆ ನೀರು ತಂದರು. ಕಣಿವೆಯ ಬಯಲಿಗೆ ನೀರುಣಿಸಿ ಬೆಳೆ ಬೆಳೆದರು, ಮರ ನೆಟ್ಟರು. ಕಲ್ಲಿನ ಉಗ್ರಾಣಗಳಲ್ಲಿ ದವಸ, ಜೇನು, ವಿನೆಗರ್ ತುಂಬಿಟ್ಟರು.

ಎಪ್ಪತ್ತು ಜನ, ಒಂದು ದಂಡು

1092ರ ಬೇಸಿಗೆ. ಮಲಿಕ್ ಷಾನ ಸೇನಾನಿ ಅರ್ಸ್ಲಾನ್‌ತಾಷ್ ದಂಡು ತಂದು ಬಂಡೆಯನ್ನು ಸುತ್ತುವರಿದ. ಒಳಗೆ ಹಸನ್‌ನ ಜೊತೆ ಇದ್ದವರು 60, ಹೆಚ್ಚೆಂದರೆ 70 ಜನ. ಉಗ್ರಾಣ ಇನ್ನೂ ತುಂಬಿರಲಿಲ್ಲ. ಅಳೆದು ಸುರಿದು ಉಣ್ಣಬೇಕಾಯಿತು. ತುತ್ತು ಕಡಿಮೆಯಾಗುತ್ತ ಬಂತು, ಹೊರಗಿನ ಡೇರೆಗಳು ಮಾತ್ರ ಕದಲಲಿಲ್ಲ. ಇನ್ನೊಂದು ತಿಂಗಳು ಹೀಗೇ ಹೋದರೆ ಬಾಗಿಲು ತೆರೆಯಲು ಶತ್ರುವಿನ ಕವಣೆಯಂತ್ರವೂ ಬೇಕಾಗಿರಲಿಲ್ಲ, ಹಸಿವೇ ಸಾಕಿತ್ತು.

ಹೊರಗೆ ಖಜ್ವೀನಿನಲ್ಲಿ ದಿಹ್‌ದಾರ್ ಬೂ ಅಲಿ ಎಂಬ ಪ್ರಚಾರಕನಿದ್ದ. ಅವನಿಗೆ ಸುದ್ದಿ ಮುಟ್ಟಿತು. ಹಳ್ಳಿಹಳ್ಳಿ ತಿರುಗಿ ಜನ ಸೇರಿಸಿದ. ಅವರಲ್ಲಿ 300 ಜನ ಆಯುಧ ಹೊತ್ತು, ಮುತ್ತಿಗೆಯ ಸಂದಿಯಲ್ಲೇ ನುಸುಳಿ ಬಂಡೆ ಹತ್ತಿದರು. ಒಳಗಿನ ಬಲ ಒಂದೇ ಏಟಿಗೆ ಐದು ಪಟ್ಟಾಯಿತು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಒಂದು ರಾತ್ರಿ. ಕೋಟೆಯ ಬಾಗಿಲು ತೆರೆಯಿತು. ಮೇಲಿನಿಂದ ಇವರು, ಬದಿಯಿಂದ ಕಣಿವೆಯ ಹಳ್ಳಿಗರು, ನಿದ್ದೆಗಣ್ಣಿನ ದಂಡಿನ ಮೇಲೆ ಮುಗಿಬಿದ್ದರು. ಬೆಳಗಾಗುವಷ್ಟರಲ್ಲಿ ಅರ್ಸ್ಲಾನ್‌ತಾಷನ ಸೇನೆ ದಿಕ್ಕಾಪಾಲು.

ಡೇರೆಯ ಹಗ್ಗ

ಒಂದು ದಂಡು ಓಡಿದರೆ ಇನ್ನೊಂದು ಬರುತ್ತದೆ. ಹಸನ್‌ಗೆ ಇದು ಗೊತ್ತಿತ್ತು. ದಂಡನ್ನು ಸೋಲಿಸುವ ಬದಲು ದಂಡು ಕಳಿಸುವವನನ್ನೇ ತೆಗೆದುಬಿಟ್ಟರೆ?

1092ರ ಅಕ್ಟೋಬರ್, ರಂಜಾನ್ ತಿಂಗಳು. ಸುಲ್ತಾನನ ಪರಿವಾರ ಇಸ್ಫಹಾನಿನಿಂದ ಬಾಗ್ದಾದಿಗೆ ಹೊರಟು ನಹಾವಂದ್ ಸೀಮೆಯಲ್ಲಿ ತಂಗಿತ್ತು. ಸಂಜೆಯ ದರ್ಬಾರು ಮುಗಿಸಿ ಎಪ್ಪತ್ತು ದಾಟಿದ ನಿಜಾಮುಲ್ ಮುಲ್ಕ್ ಪಲ್ಲಕ್ಕಿಯಲ್ಲಿ ಹೆಂಡತಿಯರ ಡೇರೆಯ ಕಡೆ ಹೊರಟಿದ್ದ. ಸೂಫಿಯ ಉಡುಪಿನ ಒಬ್ಬ ಯುವಕ ಹತ್ತಿರ ಬಂದ. ಫಕೀರರು ಅಹವಾಲು ಹಿಡಿದು ಬರುವುದು ಹೊಸದೇನಲ್ಲ, ಯಾರೂ ತಡೆಯಲಿಲ್ಲ. ಕಣ್ಣೆವೆಯಿಕ್ಕುವಷ್ಟರಲ್ಲಿ ಉಡುಪಿನೊಳಗಿಂದ ಚೂರಿ ಹೊರಬಂತು, ವಜೀರನ ಎದೆಗಿಳಿಯಿತು. ಯುವಕ ಓಡಿದ. ಡೇರೆಯೊಂದರ ಹಗ್ಗಕ್ಕೆ ಕಾಲು ಸಿಕ್ಕಿ ಮುಗ್ಗರಿಸಿ ಬಿದ್ದ. ಅಲ್ಲೇ ಅವನನ್ನು ಕೊಂದರು. ಅವನ ಹೆಸರು ಬೂ ತಾಹಿರ್ ಅರ್ರಾನಿ.

ಇದರ ಹಿಂದೆ ಅರಮನೆಯ ಕೈವಾಡವೂ ಇತ್ತೆಂದು ಆ ಕಾಲದ ಅನೇಕರು ನಂಬಿದ್ದರು, ಸುಲ್ತಾನನ ಮೇಲೇ ಅನುಮಾನ ಪಟ್ಟವರಿದ್ದರು. ಕೆಲವೇ ವಾರಗಳಲ್ಲಿ ಮಲಿಕ್ ಷಾನೂ ಸತ್ತ. ಮಕ್ಕಳು ಗದ್ದುಗೆಗಾಗಿ ಕಚ್ಚಾಡತೊಡಗಿದರು. ಇಸ್ಮಾಯಿಲಿಗಳ ಮೇಲೆ ಹೋಗಿದ್ದ ದಂಡುಗಳು ಚದುರಿದವು. ಒಂದು ಚೂರಿ ಅಲಾಮೂತಿಗೆ ವರ್ಷಗಟ್ಟಲೆ ಬಿಡುವು ಕೊಡಿಸಿತ್ತು.

ಅಲ್ಲಿಂದ ಅದೇ ಪದ್ಧತಿಯಾಯಿತು. ಕೊಲ್ಲಲು ಹೋಗುವವನಿಗೆ ಫಿದಾಯಿ ಎಂದು ಹೆಸರು, ಪ್ರಾಣ ಅರ್ಪಿಸಿದವನು ಎಂದು ಅರ್ಥ. ಅವನು ವಿಷ ಹಾಕುವುದಿಲ್ಲ, ದೂರದಿಂದ ಬಾಣ ಬಿಡುವುದಿಲ್ಲ. ಚೂರಿ ಮಾತ್ರ, ಅದೂ ಬಹುಪಾಲು ತುಂಬಿದ ಜನರ ನಡುವೆ. ಹೋದವನು ಮರಳುವುದು ಅಪರೂಪ. ಯಾರು ಯಾರನ್ನು ಕೊಂದರು ಎಂಬ ಪಟ್ಟಿಯನ್ನು ಅಲಾಮೂತಿನಲ್ಲಿ ಇಡುತ್ತಿದ್ದರು. ಹಸನ್‌ನ ಕಾಲದ ಪಟ್ಟಿಯಲ್ಲಿ ಸುಮಾರು ಐವತ್ತು ಕೊಲೆಗಳಿವೆ. ಅವನ ನಂತರವೂ ಅದು ನಿಲ್ಲಲಿಲ್ಲ. 1127ರಲ್ಲಿ ಇಬ್ಬರು ಫಿದಾಯಿಗಳು ಸೆಲ್ಜೂಕ್ ಸುಲ್ತಾನ ಸಂಜರನ ವಜೀರನ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಆಳುಗಳಾಗಿ ಸೇರಿದರು. ನೌರೋಜ್ ಹಬ್ಬಕ್ಕೆ ಸುಲ್ತಾನನಿಗೆ ಕಾಣಿಕೆ ಕೊಡಲು ಎರಡು ಅರಬ್ಬೀ ಕುದುರೆ ಆರಿಸಿಕೊಡಿ ಎಂದು ವಜೀರನೇ ಅವರನ್ನು ಹತ್ತಿರ ಕರೆದ. ಅವರು ಕಾದಿದ್ದದ್ದು ಆ ಕರೆಗೇ.

ಆ ಸಂಜರನ ಬಗ್ಗೆಯೂ ಒಂದು ಕಥೆಯುಂಟು. ಒಂದು ಬೆಳಿಗ್ಗೆ ಅವನು ಕಣ್ಣು ಬಿಟ್ಟಾಗ ಹಾಸಿಗೆಯ ಪಕ್ಕದ ನೆಲದಲ್ಲಿ ಚೂರಿಯೊಂದು ನೆಟ್ಟಿತ್ತು. ಗಟ್ಟಿ ನೆಲಕ್ಕೆ ನೆಟ್ಟದ್ದನ್ನು ಮೆತ್ತನೆಯ ಎದೆಗೂ ನೆಡಬಹುದಿತ್ತು, ನಿಮ್ಮ ಮೇಲೆ ನಮಗೆ ಹಗೆಯಿಲ್ಲ ಎಂದು ಹಸನ್‌ನಿಂದ ಸಂದೇಶ ಬಂತು. ಅಲ್ಲಿಂದ ಬಹುಕಾಲ ಸಂಜರ್ ಅವರ ತಂಟೆಗೆ ಹೋಗಲಿಲ್ಲ.

ಚೂರಿಗೆ ಎರಡು ಅಲಗು. ಅಮೀರನೊಬ್ಬ ಸತ್ತ ಸುದ್ದಿ ಬಂದರೆ ಪಟ್ಟಣಗಳಲ್ಲಿ ಇಸ್ಮಾಯಿಲಿಗಳೆಂದು ಅನುಮಾನ ಬಂದವರ ಬೇಟೆ ಶುರುವಾಗುತ್ತಿತ್ತು. ಇಸ್ಫಹಾನಿನಲ್ಲಿ ಬೆಂಕಿಯ ಗುಂಡಿ ತೋಡಿ ಜನರನ್ನು ಜೀವಂತ ನೂಕಿದರು. 1129ರಲ್ಲಿ ಡಮಾಸ್ಕಸ್ಸಿನಲ್ಲಿ ಸಾವಿರಾರು ಜನರನ್ನು ಕೊಂದರು. ಫಿದಾಯಿ ಒಬ್ಬನೇ ಸಾಯಲು ಹೊರಡುತ್ತಿದ್ದ, ಅವನ ಹೆಸರಿನಲ್ಲಿ ಸತ್ತವರು ಬಹಳ.

ಹುಲ್ಲು ತಿಂದ ವರ್ಷಗಳು

1105ರಲ್ಲಿ ಸೆಲ್ಜೂಕ್ ಗದ್ದುಗೆ ಸುಲ್ತಾನ ಮುಹಮ್ಮದನ ಕೈಗೆ ಬಂತು. ಇವನು ಹಠಮಾರಿ. 1107ರಲ್ಲಿ ಇಸ್ಫಹಾನಿನ ಮಗ್ಗುಲಲ್ಲೇ ಇದ್ದ ಇಸ್ಮಾಯಿಲಿ ಕೋಟೆ ಷಾಹ್‌ದಿಜ್ ಅನ್ನು ಮುತ್ತಿದ. ಕೋಟೆಯ ಒಡೆಯ ಇಬ್ನ್ ಅತ್ತಾಷ್‌ನ ಬಳಿ ಕೊನೆಗೆ ಉಳಿದದ್ದು 80 ಜನ. ಅಷ್ಟು ಜನ ಇಡೀ ಗೋಡೆ ಕಾಯುವುದೆಂತು? ಒಂದು ಬದಿಯ ಗೋಡೆಯುದ್ದಕ್ಕೂ ಬರೀ ಕವಚ, ಭರ್ಜಿಗಳನ್ನು ಸಾಲಾಗಿ ನಿಲ್ಲಿಸಿದರು, ಹಿಂದೆ ಒಬ್ಬ ಮನುಷ್ಯನೂ ಇಲ್ಲ. ಕೆಳಗಿನಿಂದ ನೋಡಿದವರಿಗೆ ಸೈನಿಕರ ಸಾಲು. ಒಬ್ಬ ದ್ರೋಹಿ ಇಳಿದು ಹೋಗಿ ಗುಟ್ಟು ಬಿಟ್ಟುಕೊಟ್ಟ. ಸುಲ್ತಾನನ ಪಡೆ ಅದೇ ಬದಿಯಿಂದ ಹತ್ತಿತು. ಒಡೆಯನ ಹೆಂಡತಿ ಮೈತುಂಬ ಒಡವೆ ತೊಟ್ಟು ಕೊತ್ತಳದ ಮೇಲಿಂದ ಧುಮುಕಿದಳು. ಅವನನ್ನು ಹಿಡಿದು ಇಸ್ಫಹಾನಿನ ಬೀದಿಗಳಲ್ಲಿ ಮೆರವಣಿಗೆ ಮಾಡಿಸಿ, ಜೀವಂತ ಚರ್ಮ ಸುಲಿದರು.

ಆಮೇಲೆ ಸರದಿ ಅಲಾಮೂತಿನದು. ಸೇನಾನಿ ಶೀರ್‌ಗೀರ್‌ಗೆ ಸುಲ್ತಾನ ಕೊಟ್ಟ ಉಪಾಯ ಸರಳ, ಕ್ರೂರ: ಬಂಡೆ ಹತ್ತಬೇಡ, ಬೆಳೆ ಸುಡು. ಎಂಟು ವರ್ಷ ಒಂದೇ ಸಮನೆ ಪ್ರತಿ ಸುಗ್ಗಿಗೆ ದಂಡು ಬಂದು ಕಣಿವೆಯ ಪೈರು ನಾಶ ಮಾಡಿ ಹೋಯಿತು. ಉಗ್ರಾಣ ಬರಿದಾಯಿತು. ಕೋಟೆಯಲ್ಲಿದ್ದವರು ಹುಲ್ಲು ತಿಂದರು. ಹೆಂಗಸರು ಮಕ್ಕಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಹಸನ್ ತನ್ನ ಹೆಂಡತಿಯನ್ನೂ ಹೆಣ್ಣುಮಕ್ಕಳನ್ನೂ ದೂರದ ಗಿರ್ದ್‌ಕೂಹ್ ಕೋಟೆಗೆ ಕಳಿಸಿದ. ಜೊತೆಗೊಂದು ಕಾಗದ: ಇವರು ಅಲ್ಲಿ ನೂಲು ತೆಗೆಯಲಿ, ದುಡಿದದ್ದಕ್ಕೆ ಕೂಲಿ ಕೊಡಿ, ಅದಕ್ಕಿಂತ ಹೆಚ್ಚೇನೂ ಬೇಡ. ಅವರನ್ನು ಅವನು ಮತ್ತೆ ಕರೆಸಿಕೊಳ್ಳಲೇ ಇಲ್ಲ.

ತನ್ನವರೆಂದು ಅವನು ಯಾರಿಗೂ ರಿಯಾಯಿತಿ ತೋರಿಸಿದವನಲ್ಲ. ಒಬ್ಬ ಮಗ ಕೊಲೆಯೊಂದರಲ್ಲಿ ಭಾಗಿ ಎಂದು ದೂರು ಬಂತು, ಕೊಲ್ಲಿಸಿದ. ಆ ದೂರು ಸುಳ್ಳೆಂದು ಆಮೇಲೆ ತಿಳಿಯಿತು. ಇನ್ನೊಬ್ಬ ಮಗ ಹೆಂಡ ಕುಡಿದ ಎಂಬ ಆರೋಪ, ಅವನನ್ನೂ ಕೊಲ್ಲಿಸಿದ. ಕೊಳಲೂದಿದವನೊಬ್ಬನನ್ನು ಕೋಟೆಯಿಂದಲೇ ಹೊರಗಟ್ಟಿದ.

1117ರಲ್ಲಿ ಶೀರ್‌ಗೀರ್ ಕವಣೆಯಂತ್ರಗಳನ್ನು ನಿಲ್ಲಿಸಿದ. ತಿಂಗಳುಗಟ್ಟಲೆ ಕಲ್ಲಿನ ಮಳೆ. 1118ರ ವಸಂತಕ್ಕೆ ಕೋಟೆ ಇಂದೋ ನಾಳೆಯೋ ಎನ್ನುವಂತಾಯಿತು. ಆಗ ದಕ್ಷಿಣದಿಂದ ಸುದ್ದಿಗಾರ ಬಂದ: ಸುಲ್ತಾನ ಮುಹಮ್ಮದ್ ತೀರಿಕೊಂಡ. ಮುಂದಿನ ಸುಲ್ತಾನ ಯಾರಾಗುತ್ತಾನೋ, ತಮ್ಮ ಗತಿ ಏನೋ ಎಂದು ದಂಡಿನಲ್ಲಿ ಗುಲ್ಲೆದ್ದಿತು. ಒಂದೇ ರಾತ್ರಿಯಲ್ಲಿ ಎಲ್ಲರೂ ಕಂಬಿ ಕಿತ್ತರು. ಅವರು ಬಿಟ್ಟುಹೋದ ದವಸ, ಆಯುಧಗಳನ್ನು ಹಸಿದ ಜನ ಬಂಡೆಯಿಂದ ಇಳಿದು ಬಂದು ಹೊತ್ತುಕೊಂಡು ಹೋದರು. ಆರು ವರ್ಷದ ನಂತರ, 1124ರಲ್ಲಿ, ಹಸನ್ ತನ್ನ ಹಾಸಿಗೆಯಲ್ಲೇ ಸತ್ತ.

ಸುಲ್ತಾನನ ಟೋಪಿ

ಅಷ್ಟರಲ್ಲಿ ಪಂಥ ಸಿರಿಯಾಕ್ಕೂ ಹಬ್ಬಿತ್ತು. ಕೈರೋದಲ್ಲಿ 1094ರಲ್ಲಿ ಖಲೀಫ ಸತ್ತಾಗ ಹಿರಿಯ ಮಗ ನಿಜಾರನನ್ನು ತಳ್ಳಿ ಕಿರಿಯನನ್ನು ಪಟ್ಟಕ್ಕೆ ಕೂರಿಸಿದ್ದರು. ಅಲಾಮೂತ್ ನಿಜಾರನ ಪರ ನಿಂತು ಕೈರೋದ ಋಣ ಹರಿದುಕೊಂಡಿತು. ಅಂದಿನಿಂದ ಇವರು ನಿಜಾರಿ ಇಸ್ಮಾಯಿಲಿಗಳು. ಸಿರಿಯಾದ ಮಸ್ಯಾಫ್, ಕಹ್ಫ್, ಕದ್ಮೂಸ್ ಕೋಟೆಗಳು ಅವರ ಕೈಸೇರಿದವು. 1162ರ ಸುಮಾರಿಗೆ ಅಲ್ಲಿಗೆ ಬಸ್ರಾದ ರಷೀದುದ್ದೀನ್ ಸಿನಾನ್ ನಾಯಕನಾಗಿ ಬಂದ. ಯುರೋಪಿನ ಶಿಲುಬೆ ಯೋಧರು ‘ಬೆಟ್ಟದ ಮುದುಕ’ ಎಂದು ಹೆದರಿ ಹೆಸರಿಟ್ಟದ್ದು ಇವನಿಗೆ. ಅಸಾಸಿನ್ ಎಂಬ ಹೆಸರು ಯುರೋಪಿನ ತುಂಬ ಹರಡಿದ್ದೂ ಇಲ್ಲಿಂದಲೇ.

1176ರ ಮೇ. ಈಜಿಪ್ಟ್, ಡಮಾಸ್ಕಸ್ ಗೆದ್ದ ಸಲಾಹುದ್ದೀನ್ ಅಜಾಜ್ ಕೋಟೆಗೆ ಮುತ್ತಿಗೆ ಹಾಕಿದ್ದ. ಒಂದೂವರೆ ವರ್ಷದ ಹಿಂದೆ ಅಲೆಪ್ಪೊದ ಎದುರು ಬೀಡುಬಿಟ್ಟಿದ್ದಾಗಲೇ ಫಿದಾಯಿಗಳು ಅವನ ಪಾಳೆಯಕ್ಕೆ ನುಗ್ಗಿದ್ದರು. ಗುರುತು ಹಿಡಿದು ತಡೆದ ಅಮೀರನೊಬ್ಬ ಆಗ ಪ್ರಾಣ ಕೊಟ್ಟಿದ್ದ. ಅಂದಿನಿಂದ ಸುಲ್ತಾನ ಒಳಗೆ ಕವಚ ತೊಡದೆ ಇರುತ್ತಿರಲಿಲ್ಲ. ಈ ಸಲ ಅವರು ಅವನದೇ ಸೈನಿಕರ ವೇಷದಲ್ಲಿದ್ದರು. ಅಮೀರನೊಬ್ಬನ ಡೇರೆಯಲ್ಲಿ ಕೂತಿದ್ದ ಸಲಾಹುದ್ದೀನನ ತಲೆಗೆ ಮೊದಲನೆಯವನ ಚೂರಿ ಬಿತ್ತು. ಟೋಪಿಯ ಕೆಳಗಿದ್ದ ಉಕ್ಕಿನ ಬಲೆ ಅದನ್ನು ತಡೆಯಿತು. ಚೂರಿ ಜಾರಿ ಕೆನ್ನೆ ಗೀರಿತು, ರಕ್ತ ಹರಿಯಿತು. ಮರುಏಟು ಕುತ್ತಿಗೆಗೆ. ದಪ್ಪ ಅಂಗಿಯ ಕಾಲರು ಹರಿಯಿತು, ಕೆಳಗಿನ ಕವಚ ಹರಿಯಲಿಲ್ಲ. ಒಬ್ಬ ಅಮೀರ ಬರಿಗೈಯಲ್ಲೇ ಚೂರಿಯ ಅಲಗು ಹಿಡಿದುಕೊಂಡ. ಮೊದಲನೆಯವನು ಬಿದ್ದ. ಎರಡನೆಯವನು ನುಗ್ಗಿದ, ಅವನೂ ಬಿದ್ದ. ಆಮೇಲೆ ಮೂರನೆಯವನು. ಸಲಾಹುದ್ದೀನ್ ನಡುಗುತ್ತ ತನ್ನ ಡೇರೆ ಸೇರಿದ. ಮುಖ ಪರಿಚಯವಿಲ್ಲದ ಒಬ್ಬನನ್ನೂ ಹತ್ತಿರ ಬಿಡಬೇಡಿ ಎಂದು ಆಜ್ಞೆ ಹೊರಟಿತು. ಮಲಗಲು ಮರದ ಗೋಪುರ ಕಟ್ಟಿಸಿಕೊಂಡ.

ಆಗಸ್ಟಿನಲ್ಲಿ ಸೇಡು ತೀರಿಸಿಕೊಳ್ಳಲು ಮಸ್ಯಾಫಿಗೆ ಮುತ್ತಿಗೆ ಹಾಕಿದ. ಕೆಲವೇ ದಿನಗಳಲ್ಲಿ ಗಂಟುಮೂಟೆ ಕಟ್ಟಿದ. ಹಮಾ ಪಟ್ಟಣದ ಒಡೆಯನಾಗಿದ್ದ ಸೋದರಮಾವ ಸಂಧಿ ಮಾಡಿಸಿದ ಎಂಬುದು ಒಂದು ವಿವರಣೆ. ಡೇರೆಯ ಸುತ್ತ ಬೂದಿ ಚೆಲ್ಲಿ ಕಾವಲಿಟ್ಟರೂ ಬೆಳಗಾಗೆದ್ದಾಗ ಸುಲ್ತಾನನ ಹಾಸಿಗೆಯ ಮೇಲೆ ಬಿಸಿ ರೊಟ್ಟಿ, ವಿಷ ಸವರಿದ ಚೂರಿ ಸಿಕ್ಕವು ಎಂಬುದು ದಂತಕಥೆ. ಆಮೇಲೆ ಸಲಾಹುದ್ದೀನನೂ ಸಿನಾನನೂ ಪರಸ್ಪರರನ್ನು ಕೆಣಕಲಿಲ್ಲ.

1192ರ ಏಪ್ರಿಲ್ 28. ಜೆರುಸಲೇಮಿನ ರಾಜನೆಂದು ಆಗಷ್ಟೇ ಆಯ್ಕೆಯಾಗಿದ್ದ ಮೊಂಟ್‌ಫೆರಾಟಿನ ಕಾನ್ರಾಡ್ ಟೈರ್ ಪಟ್ಟಣದ ಮನೆಯಲ್ಲಿ ಊಟಕ್ಕೆ ಕಾಯುತ್ತಿದ್ದ. ಹೆಂಡತಿಯ ಸ್ನಾನ ಮುಗಿಯಲೇ ಇಲ್ಲ. ಹಸಿವು ತಾಳದೆ ಬಿಷಪ್ಪನ ಮನೆಗೆ ಹೋದ. ಬಿಷಪ್ಪನ ಊಟ ಆಗಲೇ ಆಗಿತ್ತು. ಹಸಿದೇ ಹಿಂದಿರುಗುವಾಗ ಇಕ್ಕಟ್ಟು ಬೀದಿಯಲ್ಲಿ ಇಬ್ಬರು ಕ್ರೈಸ್ತ ಸನ್ಯಾಸಿಗಳು ಎದುರಾದರು. ಒಬ್ಬ ಕಾಗದ ನೀಡಿದ. ಕಾನ್ರಾಡ್ ಕೈ ಚಾಚಿದ. ಇನ್ನೊಬ್ಬ ಚೂರಿ ಹಾಕಿದ. ಸನ್ಯಾಸಿಗಳ ವೇಷದಲ್ಲಿದ್ದವರು ಫಿದಾಯಿಗಳು. ಹಿಂದಿನಿಂದ ಯಾರು ಕೈಯಾಡಿಸಿದರು, ಇಂಗ್ಲೆಂಡಿನ ರಾಜ ರಿಚರ್ಡನೋ, ಸಲಾಹುದ್ದೀನನೋ ಎಂಬ ಚರ್ಚೆ ಎಂಟು ಶತಮಾನ ಕಳೆದರೂ ಮುಗಿದಿಲ್ಲ.

ಮದರಂಗಿ ಹೊತ್ತ 110 ಜನ

ಎಲ್ಲರೂ ಹೆದರುತ್ತಿದ್ದ ಈ ಕೋಟೆಗಳ ಎದುರಿಗೆ ಕೊನೆಗೆ ಬಂದವರು ಯಾರಿಗೂ ಹೆದರದ ಮಂಗೋಲರು. ತನ್ನನ್ನು ಕೊಲ್ಲಲು ಫಿದಾಯಿಗಳು ವೇಷ ಮರೆಸಿ ರಾಜಧಾನಿ ಕರಾಕೋರಂಗೇ ಬಂದಿದ್ದಾರೆಂಬ ಗುಮಾನಿ ಮಹಾಖಾನ ಮೋಂಗ್ಕೆಗಿತ್ತು. ತಮ್ಮ ಹುಲಾಗುವನ್ನು ಪಶ್ಚಿಮಕ್ಕೆ ಕಳಿಸಿದ. ಮುಂಚೂಣಿಯ ಸೇನಾನಿ ಕಿತ್‌ಬುಕಾ 1253ರ ಮೇ ತಿಂಗಳಲ್ಲೇ ದಾಮ್‌ಗಾನಿನ ಬಳಿಯ ಗಿರ್ದ್‌ಕೂಹ್ ಬೆಟ್ಟವನ್ನು ಸುತ್ತುವರಿದ. ಬೆಟ್ಟದ ಸುತ್ತ ಕಂದಕ, ಗೋಡೆ. ತನ್ನ ದಂಡಿನ ಬೆನ್ನಿಗೆ ಇನ್ನೊಂದು ಕಂದಕ, ಇನ್ನೊಂದು ಗೋಡೆ. ನಡುವೆ ಮಂಗೋಲರು. ಒಳಗಿನಿಂದ ಇಲಿ ಹೊರಬರುವಂತಿಲ್ಲ, ಹೊರಗಿನಿಂದ ಒಳಹೋಗುವಂತಿಲ್ಲ. ಆದರೂ ಒಂದು ಚಳಿಗಾಲದ ರಾತ್ರಿ ಕೋಟೆಯವರು ಇಳಿದು ಬಂದು ಗೋಡೆ ಕೆಡವಿ ಬೂರಿ ಎಂಬ ಮಂಗೋಲ್ ಸೇನಾನಿಯನ್ನೇ ಕೊಂದರು.

ಅಷ್ಟರಲ್ಲಿ ಕೋಟೆಯೊಳಗೆ ಬೇರೊಂದು ಶತ್ರು ಹೊಕ್ಕಿತು, ವಾಂತಿಭೇದಿ. ಜನ ಒಬ್ಬರ ಹಿಂದೊಬ್ಬರಂತೆ ಸಾಯತೊಡಗಿದರು. ಸಹಾಯ ಬೇಕೆಂದು ಅಲಾಮೂತಿಗೆ ಸುದ್ದಿ ಹೋಯಿತು. ಅಲ್ಲಿಂದ 110 ಜನ ಹೊರಟರು. ಅವರ ಬೆನ್ನ ಮೇಲಿದ್ದದ್ದು ಉಪ್ಪು ಮತ್ತು ಮದರಂಗಿ. ಮದರಂಗಿ ಯಾಕೆ? ಕೋಟೆಯಲ್ಲೊಂದು ಮದುವೆಯಲ್ಲಿ ಮದುಮಗಳ ಕೈಕಾಲಿನ ಮದರಂಗಿ ತೊಳೆದ ನೀರನ್ನು ನೀರಿನ ಅಭಾವದಿಂದ ಕೆಲವರು ಕುಡಿದಿದ್ದರಂತೆ, ಅವರಿಗೆ ರೋಗ ತಗಲಲಿಲ್ಲವಂತೆ. ಮಂಗೋಲರ ಕಾಲದ ಚರಿತ್ರೆಕಾರ ರಷೀದುದ್ದೀನ್ ಇದನ್ನು ದಾಖಲಿಸಿದ್ದಾನೆ. ಆ 110 ಜನ ಕತ್ತಲಲ್ಲಿ ಎರಡು ಕಂದಕ, ಎರಡು ಗೋಡೆ, ನಡುವಿನ ದಂಡು, ಇಷ್ಟನ್ನೂ ದಾಟಿದರು. ಒಬ್ಬ ಕಂದಕಕ್ಕೆ ಬಿದ್ದು ಕಾಲು ಉಳುಕಿಸಿಕೊಂಡ. ಅವನನ್ನೂ ಬಿಡದೆ ಹೆಗಲ ಮೇಲೆ ಹೊತ್ತು ತಂದರು. ಕೋಟೆ ನಿಂತಿತು.

ಜೇನಿನ ತೊಟ್ಟಿ

ಅಲಾಮೂತ್ ನಿಲ್ಲಲಿಲ್ಲ. 1255ರ ಕೊನೆಗೆ ಅಲ್ಲಿನ ಒಡೆಯ ಕೊಲೆಯಾದ. ಅವನ ಮಗ ರುಕ್ನುದ್ದೀನ್ ಖುರ್ಷಾ ಎಳೆಯ ಪ್ರಾಯದಲ್ಲೇ ಗದ್ದುಗೆ ಏರಿದ. ಹುಲಾಗು 1256ರ ಜನವರಿಯಲ್ಲಿ ಅಮು ನದಿ ದಾಟಿ ಬಂದ. ಖುರ್ಷಾ ದಿನ ತಳ್ಳಿದ. ತಮ್ಮನನ್ನು ಕಳಿಸಿದ, ಕಪ್ಪದ ಮಾತಾಡಿದ, ಹಿಮ ಬಿದ್ದರೆ ಮಂಗೋಲರು ಹಿಂದಿರುಗುತ್ತಾರೆಂದು ಕಾದ. ಆ ವರ್ಷ ಹಿಮ ಬೀಳಲಿಲ್ಲ.

ನವೆಂಬರಿನಲ್ಲಿ ಹುಲಾಗು ಖುರ್ಷಾ ಇದ್ದ ಮೈಮೂನ್‌ದಿಜ್ ಕೋಟೆಗೆ ಮುತ್ತಿಗೆ ಹಾಕಿದ. ಕಣಿವೆಯ ಮರ ಕಡಿದು ಕವಣೆಯಂತ್ರ ಮಾಡಿದರು. ಚೀನಾದ ಕುಶಲಕರ್ಮಿಗಳು ತಂದ ದೈತ್ಯ ಬಿಲ್ಲುಗಳು 2500 ಹೆಜ್ಜೆ ದೂರಕ್ಕೆ ಬೆಂಕಿಯ ಬಾಣ ಉಗುಳಿದವು. ನವೆಂಬರ್ 19ರಂದು ಖುರ್ಷಾ ಇಳಿದು ಬಂದ. ಅವನ ಜೊತೆ ಗಣಿತಜ್ಞ, ಖಗೋಳಜ್ಞ ನಸೀರುದ್ದೀನ್ ತೂಸಿಯೂ ಇದ್ದ. ಹತ್ತಾರು ವರ್ಷ ಈ ಕೋಟೆಗಳ ಆಸರೆಯಲ್ಲೇ ಗ್ರಂಥ ಬರೆದಿದ್ದವನು, ಮುಂದೆ ಹುಲಾಗುವಿನ ಆಶ್ರಯದಲ್ಲಿ ಮರಾಗಾ ವೀಕ್ಷಣಾಲಯ ಕಟ್ಟಿದವನು. ಒಡೆಯ ಶರಣಾದರೂ ಕೆಲವು ಫಿದಾಯಿಗಳು ಒಪ್ಪಲಿಲ್ಲ. ಕೋಟೆಯ ನೆತ್ತಿಯ ಮೇಲೆ ನಿಂತು ಮೂರು ದಿನ ಕಾದಾಡಿ ಸತ್ತರು.

ಖುರ್ಷಾನ ಆಜ್ಞೆಯಂತೆ ಉಳಿದ ಕೋಟೆಗಳು ಒಂದೊಂದಾಗಿ ತೆರೆದುಕೊಂಡವು. ಡಿಸೆಂಬರಿನಲ್ಲಿ ಅಲಾಮೂತ್. ಹುಲಾಗುವಿನ ಆಸ್ಥಾನದ ಚರಿತ್ರೆಕಾರ ಜುವೈನಿ ಬಂಡೆ ಹತ್ತಿ ಅಲ್ಲಿನ ಹೆಸರಾಂತ ಗ್ರಂಥಾಲಯಕ್ಕೆ ಹೊಕ್ಕ. ಕುರಾನ್ ಪ್ರತಿಗಳು, ಖಗೋಳ ಯಂತ್ರಗಳು, ಹಸನ್‌ನ ಜೀವನಚರಿತ್ರೆ, ಇವಿಷ್ಟನ್ನು ಆರಿಸಿಟ್ಟು ಧರ್ಮವಿರೋಧಿ ಎನಿಸಿದ್ದನ್ನೆಲ್ಲ ಸುಟ್ಟ. ಉಗ್ರಾಣಗಳನ್ನು ನೋಡಿ ಮಾತ್ರ ಬೆರಗಾದ. ಹಸನ್‌ನ ಕಾಲದಲ್ಲಿ ತುಂಬಿಟ್ಟದ್ದೂ ಕೆಟ್ಟಿರಲಿಲ್ಲ. ಆಳ ತಿಳಿಯದೆ ಜೇನಿನ ತೊಟ್ಟಿಗೆ ಇಳಿದವನೊಬ್ಬ ಮುಳುಗುವುದರಲ್ಲಿದ್ದನಂತೆ.

ಈ ಜುವೈನಿಯ ಸಾಕ್ಷ್ಯ ಮುಖ್ಯ. ಮಾರ್ಕೊ ಪೋಲೊ ಹೇಳಿದ ಕಥೆ ಎಲ್ಲರಿಗೂ ಗೊತ್ತು: ಬೆಟ್ಟದ ಮುದುಕ ಯುವಕರಿಗೆ ಅಮಲೇರಿಸಿ, ಹಾಲುಜೇನು ಹರಿಯುವ ತೋಟದಲ್ಲಿ ಸುಂದರಿಯರ ನಡುವೆ ಬಿಟ್ಟು, ಮತ್ತೆ ಆ ಸ್ವರ್ಗ ಬೇಕಾದರೆ ಕೊಂದು ಬಾ ಎನ್ನುತ್ತಿದ್ದನೆಂದು. ಪೋಲೊ ಆ ದಾರಿಯಲ್ಲಿ ಹೋದದ್ದು ಅಲಾಮೂತ್ ಪಾಳುಬಿದ್ದ ಮೇಲೆ. ಜುವೈನಿ ಕಣ್ಣಾರೆ ಕಂಡವನು, ಅವರನ್ನು ಮನಸಾರೆ ದ್ವೇಷಿಸುತ್ತಿದ್ದವನು, ಅವರ ಕಡತಗಳನ್ನು ಓದಿದವನು. ಹೊಗಳಲು ಅವನಿಗೆ ಕಾರಣವಿರಲಿಲ್ಲ, ಬೈಯಲು ನೂರಿದ್ದವು. ಅವನು ತೊಟ್ಟಿ ಕಂಡ, ಉಗ್ರಾಣ ಕಂಡ, ಪುಸ್ತಕ ಕಂಡ. ತೋಟವನ್ನೂ ಕಾಣಲಿಲ್ಲ, ಅಮಲಿನ ಸುದ್ದಿಯನ್ನೂ ಎತ್ತಲಿಲ್ಲ.

ಖುರ್ಷಾ ಮಂಗೋಲಿಯಾಕ್ಕೆ ಹೋದ. ಮೋಂಗ್ಕೆ ಅವನ ಮುಖ ನೋಡಲಿಲ್ಲ. 1257ರಲ್ಲಿ ಮರಳುವ ದಾರಿಯಲ್ಲಿ ಕಾವಲಿನವರೇ ಅವನನ್ನು ಕೊಂದರು. ಇತ್ತ ಶರಣಾದವರ ಸಾಮೂಹಿಕ ಕೊಲೆ ನಡೆಯಿತು, ಕುಹಿಸ್ತಾನ್ ಸೀಮೆಯೊಂದರಲ್ಲೇ 12,000 ಜನ. ಈ ಜನಾಂಗ ಇನ್ನು ಕಥೆಯಲ್ಲಿ ಮಾತ್ರ ಎಂದು ಜುವೈನಿ ಬರೆದು ಮುಗಿಸಿದ.

ಗಿರ್ದ್‌ಕೂಹ್ ಮಾತ್ರ ಇನ್ನೂ ಬಿದ್ದಿರಲಿಲ್ಲ. ಒಡೆಯ ಸತ್ತ, ಅಲಾಮೂತ್ ಹೋಯಿತು, 1258ರಲ್ಲಿ ಬಾಗ್ದಾದೇ ಬಿತ್ತು, 1265ರಲ್ಲಿ ಹುಲಾಗುವೂ ತೀರಿಕೊಂಡ. ಬೆಟ್ಟದ ಮೇಲಿನವರು ಬಾಗಿಲು ತೆರೆಯಲಿಲ್ಲ. ಕೊನೆಗೆ 1270ರ ಡಿಸೆಂಬರ್ 15ರಂದು, 17 ವರ್ಷ ಕಳೆದ ಮೇಲೆ, ಉಟ್ಟ ಬಟ್ಟೆಯೂ ಹರಿದುಹೋಗಿ ಚಳಿ ತಾಳಲಾರದೆ ಇಳಿದು ಬಂದರು. ಮಂಗೋಲರು ಅವರನ್ನು ಬೆಟ್ಟದ ಬುಡದಲ್ಲೇ ಕೊಂದರು. ಸಿರಿಯಾದ ಕೊನೆಯ ಕೋಟೆ ಕಹ್ಫ್ 1273ರಲ್ಲಿ ಮಾಮ್ಲೂಕ್ ಸುಲ್ತಾನ ಬೈಬರ್ಸನ ವಶವಾಯಿತು.

ಉಳಿದವರು

ಜುವೈನಿಯ ಲೆಕ್ಕ ತಪ್ಪಿತ್ತು. ಖುರ್ಷಾನ ಮಗ ಶಂಸುದ್ದೀನ್ ಮುಹಮ್ಮದನನ್ನು ನಂಬಿಗಸ್ತರು ಮೊದಲೇ ಬಚ್ಚಿಟ್ಟಿದ್ದರು. ಅಜರ್‌ಬೈಜಾನಿನಲ್ಲಿ ಅವನು ಜರಿ ಕಸೂತಿಗಾರನಾಗಿ ಹೊಟ್ಟೆ ಹೊರೆದನೆಂದು ಪಂಥದ ಪರಂಪರೆ ಹೇಳುತ್ತದೆ. ಅವನ ವಂಶದವರು ಸೂಫಿಗಳಂತೆ ಬಟ್ಟೆ ತೊಟ್ಟು, ಹೆಸರು ಬದಲಿಸಿ, ತಲೆಮಾರುಗಳನ್ನು ದಾಟಿದರು. ಆ ವಂಶದ ಒಂದು ಕವಲಿನ ಷಾ ತಾಹಿರ್ 1520ರ ಹೊತ್ತಿಗೆ ಪರ್ಷಿಯಾದಿಂದ ಪ್ರಾಣ ಉಳಿಸಿಕೊಂಡು ಓಡಿಬಂದು ಗೋವಾದಲ್ಲಿ ಇಳಿದ, ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾನ ಆಸ್ಥಾನಕ್ಕೆ ಹೋದ. ಆದಿಲ್ ಷಾನಿಗೆ ಬೇಕಿದ್ದದ್ದು ಕತ್ತಿ ಹಿಡಿಯುವವರು, ಈತ ವಿದ್ವಾಂಸ. ಆದರ ಸಿಗದೆ ಅಹಮದ್‌ನಗರಕ್ಕೆ ಹೋಗಿ ಅಲ್ಲಿನ ನಿಜಾಮ್ ಷಾನಿಗೆ ಆಪ್ತನಾದ.

ಇನ್ನೊಂದು ಕವಲಿನ ಹಸನ್ ಅಲಿ ಷಾ 1840ರ ದಶಕದಲ್ಲಿ ಪರ್ಷಿಯಾದ ಷಾನ ಸೇನೆಯಿಂದ ತಪ್ಪಿಸಿಕೊಂಡು ಅಫ್ಘಾನಿಸ್ತಾನ, ಸಿಂಧ್ ದಾಟಿ ಮುಂಬಯಿ ಸೇರಿದ. ಅವನೇ ಮೊದಲನೆಯ ಆಗಾ ಖಾನ್. ಅಲಾಮೂತಿನ ಇಮಾಮರ ವಾರಸುದಾರ ಅವನೇ ಎಂದು 1866ರಲ್ಲಿ ಬಾಂಬೆ ಹೈಕೋರ್ಟು ತೀರ್ಪು ಕೊಟ್ಟಿತು. ಗಾಂಧೀಜಿ ಸೆರೆಯಲ್ಲಿದ್ದ, ಕಸ್ತೂರ್ಬಾ ಕೊನೆಯುಸಿರೆಳೆದ ಪುಣೆಯ ಆಗಾ ಖಾನ್ ಅರಮನೆ ಅವನ ಮೊಮ್ಮಗ ಕಟ್ಟಿಸಿದ್ದು. ದೆಹಲಿಯ ಹುಮಾಯೂನ್ ಸಮಾಧಿಯನ್ನು ಜೀರ್ಣೋದ್ಧಾರ ಮಾಡಿದ್ದು ಅದೇ ಮನೆತನದ ಸಂಸ್ಥೆ. ಇವತ್ತು ನಿಜಾರಿ ಇಸ್ಮಾಯಿಲಿಗಳು ಜಗತ್ತಿನ ಹತ್ತಾರು ದೇಶಗಳಲ್ಲಿದ್ದಾರೆ, ಆಸ್ಪತ್ರೆ ಶಾಲೆಗಳಿಗೆ ಹೆಸರಾಗಿದ್ದಾರೆ.

ಸಿನಿಮಾ, ವಿಡಿಯೊ ಗೇಮುಗಳು ಇವರ ಚೂರಿಯನ್ನಷ್ಟೇ ನೆನಪಿಟ್ಟುಕೊಂಡಿವೆ. ಆ ಚೂರಿ ವಜೀರರನ್ನು ಕೊಂದಿತು, ಖಲೀಫರನ್ನು ಕೊಂದಿತು, ಸುಲ್ತಾನರ ನಿದ್ದೆ ಕೆಡಿಸಿತು. ಕೆಲವು ಸಲ ಕೆಲವು ವರ್ಷಗಳ ಬಿಡುವು ಕೊಂಡುಕೊಟ್ಟಿತು. ಅದರ ಬೆಲೆಯನ್ನು ಪಟ್ಟಣಗಳಲ್ಲಿದ್ದ ಅಮಾಯಕರು ತಮ್ಮ ಪ್ರಾಣದಿಂದ ತೆತ್ತರು. ಹುಲಾಗುವಿನ ದಂಡಿನ ಎದುರು ಅದಕ್ಕೆ ಏನನ್ನೂ ಮಾಡಲಾಗಲಿಲ್ಲ. ಆ ಜನರನ್ನು ಇಂದಿನವರೆಗೆ ಉಳಿಸಿದ್ದು ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿ, ಕತ್ತಲಲ್ಲಿ ಉಪ್ಪು ಹೊತ್ತ ಬೆನ್ನು, ಕಸೂತಿ ಸೂಜಿ ಹಿಡಿಯಲು ನಾಚದ ಕೈ. ಅವರ ಸಾಹಸ ಎಂದು ಯಾವುದನ್ನಾದರೂ ಕರೆಯಬಹುದಾದರೆ ಇದನ್ನು ಕರೆಯಬೇಕು, ಕೊಲೆಗಳನ್ನಲ್ಲ.